ಮೋಟಾರಿನ ವೇಗ ಮತ್ತು ಕೋಟೆಯ ಕಿಂಡಿ

ಮನುಷ್ಯನ ಕೈಗೆ ಶಕ್ತಿ ಬರುವುದು ಬೇಗ. ಬಂದ ಶಕ್ತಿಯನ್ನು ಹಿಡಿತದಲ್ಲಿಟ್ಟು ಕಾಪಾಡಿಕೊಳ್ಳುವ ಬುದ್ಧಿ ಬರುವುದು ನಿಧಾನ. ರಾಜ್ಯಗಳ ಚರಿತ್ರೆಯಲ್ಲಿ ನಾವು ಕಂಡಿರತಕ್ಕ ಈ ಸತ್ಯವು ಮನೆಯ ಅಂಗಳದಲ್ಲಿ ನಿಲ್ಲುವ ಮೋಟಾರು ಬಂಡಿಗೂ ಸಲ್ಲುವುದೆಂದು ಯಾರಾದರೂ ಹೇಳಿದ್ದರೆ, ಈ ಲೇಖಕನು ಮೊದಲು ನಕ್ಕುಬಿಡುತ್ತಿದ್ದನೇನೋ. ಆದರೆ ಕಳೆದ ಮಾರ್ಗಶಿರ ಮಾಸದ ಒಂದು ದಿನ, ಇಬ್ಬರು ಮಿತ್ರರ ಕೃಪೆಯಿಂದ, ಈ ಕಾಲದ ಎರಡು ಮಹಾವೇಗದ ಮೋಟಾರುಗಳನ್ನು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸುತ್ತು ಓಡಿಸಿ ಸಂಜೆಗೆ ಮತ್ತೆ ದುರ್ಗದ ಕೋಟೆಯ ಬುಡಕ್ಕೆ ಬಂದು ನಿಂತಾಗ ಆ ಮಾತು ಮನಸ್ಸಿಗೆ ಚೆನ್ನಾಗಿ ನಾಟಿತು. ಆ ದಿನದ ಅನುಭವವನ್ನೂ, ಅದರಿಂದ ಹೊಳೆದ ಎಚ್ಚರಿಕೆಯನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಹೆದ್ದಾರಿಯಲ್ಲಿ

ಮೊದಲನೆಯ ಬಂಡಿಯು ಬಿ.ಎಂ.ಡಬ್ಲ್ಯು. ಸಂಸ್ಥೆಯ ಎಂ 340 ಐ. ಹೆಸರು ಜರ್ಮನಿಯದಾದರೂ ಜೋಡಣೆ ನಮ್ಮ ಚೆನ್ನೈಯಲ್ಲಿ. 2021ರಲ್ಲಿ ಇದು ನಮ್ಮ ದೇಶದಲ್ಲಿ ಮೊದಲು ಹೊರಬಂದಾಗ ಅದರ ಮೂರು ಲೀಟರಿನ, ಆರು ಸಿಲಿಂಡರುಗಳ ಎಂಜಿನ್ನಿಗೆ 387 ಅಶ್ವಶಕ್ತಿ ಇತ್ತು. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ವೇಗ ಮುಟ್ಟಲು 4.4 ಸೆಕೆಂಡು ಸಾಕೆಂದು ತಯಾರಕರು ಪ್ರಕಟಿಸಿದ್ದರು. ಒಂದು ಜೊತೆ ಎತ್ತುಗಳನ್ನು ನೊಗಕ್ಕೆ ಹೂಡಿ ಬಾರುಕೋಲು ಎತ್ತುವಷ್ಟರಲ್ಲಿ ಈ ಬಂಡಿಯು ಕಣ್ಣಿಗೆ ಮರೆಯಾಗಿರುತ್ತದೆ.

ದುರ್ಗದಿಂದ ಹಿರಿಯೂರಿನವರೆಗೆ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 40 ಕಿಲೋಮೀಟರ್ ದೂರ. ಹಿಂದೆ ಪುಣೆ ರಸ್ತೆಯೆಂದು ನಮ್ಮ ಹಿರಿಯರು ಕರೆಯುತ್ತಿದ್ದ ಈ ದಾರಿಯು ಈಗ ನಡುವೆ ವಿಭಾಜಕವಿರುವ ವಿಶಾಲವಾದ ಹೆದ್ದಾರಿಯಾಗಿದೆ. ಎಡಬಲಗಳಲ್ಲಿ ಕುರುಚಲು ಗುಡ್ಡಗಳು, ಅವುಗಳ ನೆತ್ತಿಯ ಮೇಲೆ ತಿರುಗುವ ಗಾಳಿಯಂತ್ರಗಳು, ನಡುನಡುವೆ ಈರುಳ್ಳಿಯ ಹೊಲಗಳು. ಪಾದದ ಕೆಳಗಿನ ಪೆಡಲನ್ನು ಹೆಬ್ಬೆರಳಿನಷ್ಟು ಒತ್ತಿದರೆ ಸಾಕು, ಬೆನ್ನು ಆಸನಕ್ಕೆ ಅಂಟಿಕೊಂಡು ಎಂಜಿನ್ನಿನ ಗಂಭೀರ ಧ್ವನಿ ಏರುತ್ತದೆ. ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಇದನ್ನು ಮರೆಮಾಡುವುದು ವಾಚಕರಿಗೆ ದ್ರೋಹ ಬಗೆದಂತೆ. ಇಂಥ ಬಂಡಿಯ ದೊಡ್ಡ ಅಪಾಯ ಅದರ ಅಬ್ಬರದಲ್ಲಿಲ್ಲ, ಅದರ ಸೌಮ್ಯತೆಯಲ್ಲಿದೆ. ಹಳೆಯ ಬಂಡಿಯು ಗಂಟೆಗೆ 80 ಕಿಲೋಮೀಟರಿಗೆ ಏರಿದೊಡನೆ ನಡುಗಿ, ಗೊಣಗಿ, ಗಾಳಿಯಲ್ಲಿ ಶಿಳ್ಳೆ ಹಾಕಿ ಸವಾರನನ್ನು ಎಚ್ಚರಿಸುತ್ತಿತ್ತು. ಇದು ಎಚ್ಚರಿಸುವುದಿಲ್ಲ. ಐಮಂಗಲದ ಸಮೀಪದಲ್ಲಿ ನಾವು 70ರ ವೇಗದಲ್ಲಿ ಹೋಗುತ್ತಿದ್ದೇವೆಂದು ಭಾವಿಸಿ ಮುಳ್ಳನ್ನು ನೋಡಿದರೆ ಅದು 100ಕ್ಕೆ ತಲುಪಿತ್ತು. ಪಕ್ಕದಲ್ಲಿ ಕುಳಿತಿದ್ದ ಮಿತ್ರರು ಮೆಲ್ಲಗೆ, "ಸ್ವಾಮಿ, ಇದು ಕಾಲಿನಿಂದ ನಡೆಸುವ ಬಂಡಿಯಲ್ಲ, ಕಣ್ಣಿನಿಂದ ನಡೆಸತಕ್ಕದ್ದು" ಎಂದರು.

ಆ ಮಾತಿನ ಸತ್ಯವನ್ನು ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿರುವ ಬಂಡಿ ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಡ್ಡ ಬಂದ ಎಮ್ಮೆಯನ್ನು ಕಂಡು ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಬೇಕೆಂದರೆ ಅಷ್ಟರಲ್ಲಿ 42 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲಿ ಉತ್ತಮ ಬ್ರೇಕು ಹಿಡಿದರೂ ನಿಲ್ಲಲು ಇನ್ನೂ ಸುಮಾರು 55 ಮೀಟರ್ ಬೇಕು. ವೇಗ 130 ಆದರೆ ಒಟ್ಟು ದೂರ 97 ಮೀಟರಿನಿಂದ ಸುಮಾರು 147 ಮೀಟರಿಗೆ ಏರುತ್ತದೆ. ಅಂದರೆ ವೇಗ ನೂರಕ್ಕೆ ಮೂವತ್ತರಷ್ಟು ಹೆಚ್ಚಿದರೆ, ನಿಲ್ಲಲು ಬೇಕಾಗುವ ದೂರ ನೂರಕ್ಕೆ ಐವತ್ತರಷ್ಟು ಹೆಚ್ಚಿತು. ಅಶ್ವಶಕ್ತಿಯು ಎಷ್ಟೇ ಇರಲಿ, ಈ ಗಣಿತಕ್ಕೆ ಯಾವ ಶ್ರೀಮಂತನಿಗೂ ರಿಯಾಯಿತಿ ಇಲ್ಲ. ಗಂಟೆಗೆ 130 ಕಿಲೋಮೀಟರ್ ಮೀರಿ ಓಡಿಸುವವರ ಮೇಲೆ 2024ರ ಆಗಸ್ಟ್ 1ರಿಂದ ಕ್ರಿಮಿನಲ್ ಮೊಕದ್ದಮೆ ಹೂಡಲಾಗುವುದೆಂದು ನಮ್ಮ ರಾಜ್ಯದ ಪೊಲೀಸರು ಪ್ರಕಟಿಸಿದ್ದು ಯೋಗ್ಯವೇ ಆಯಿತು. ಇದೇ ಹೆದ್ದಾರಿಯ ಮೇಲಿರುವ ಪುಣೆ ನಗರದಲ್ಲಿ 2024ರ ಮೇ ತಿಂಗಳ ಒಂದು ರಾತ್ರಿ, ಪ್ರಾಯಕ್ಕೆ ಬರದ ಹುಡುಗನೊಬ್ಬನು ಚಲಾಯಿಸುತ್ತಿದ್ದನೆನ್ನಲಾದ ಪೋರ್ಷೆ ಬಂಡಿಗೆ ಇಬ್ಬರು ತರುಣ ಎಂಜಿನಿಯರುಗಳು ಬಲಿಯಾದುದನ್ನು ದೇಶವು ಇನ್ನೂ ಮರೆತಿಲ್ಲ.

ಒಳದಾರಿಗಳಲ್ಲಿ

ಹಿರಿಯೂರಿನಲ್ಲಿ ಬಂಡಿ ಬದಲಾಯಿತು. ಎರಡನೆಯದು ಮಹೀಂದ್ರಾ ಸಂಸ್ಥೆಯ ಬಿ.ಇ. 6 ಎಂಬ ವಿದ್ಯುತ್ ಮೋಟಾರು. 2024ರ ನವೆಂಬರಿನಲ್ಲಿ ಅನಾವರಣಗೊಂಡ ಇದರ ದೊಡ್ಡ ಬ್ಯಾಟರಿಯ ಮಾದರಿಗೆ 210 ಕಿಲೋವ್ಯಾಟ್ ಶಕ್ತಿ, ಹಳೆಯ ಲೆಕ್ಕದಲ್ಲಿ ಸುಮಾರು 280 ಅಶ್ವಶಕ್ತಿ. ನೂರರ ವೇಗಕ್ಕೆ 6.7 ಸೆಕೆಂಡು. ಇದು ಪುಣೆಯ ಬಳಿಯ ಚಾಕಣದಲ್ಲಿ ತಯಾರಾಗುತ್ತದೆ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1935ರಲ್ಲಿ ಯೂರೋಪು, ಅಮೆರಿಕಗಳನ್ನು ಸುತ್ತಿ ಬಂದು ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯನ್ನು ಸಿದ್ಧಪಡಿಸಿದರು. ಅಂದಿನ ಪರಾಯಿ ಸರ್ಕಾರದಿಂದ ಅದಕ್ಕೆ ತಕ್ಕ ಆಶ್ರಯ ದೊರೆಯಲಿಲ್ಲ. ಮುಂದೆ 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ರೇವಾ ಎಂಬ ಪುಟ್ಟ ವಿದ್ಯುತ್ ಬಂಡಿ ಹುಟ್ಟಿತು. ಅದರ ಪರಮ ವೇಗ ಗಂಟೆಗೆ ಸುಮಾರು 65 ಕಿಲೋಮೀಟರ್; ನೋಡಿದವರು ಆಟದ ಸಾಮಾನೆಂದು ನಕ್ಕರು. 2010ರಲ್ಲಿ ಆ ಸಂಸ್ಥೆಯನ್ನು ಮಹೀಂದ್ರಾದವರು ಕೊಂಡರು. ಇಂದು ಅದೇ ಮನೆತನದ ಬಂಡಿಯೊಂದು ವಿದೇಶದ ಹೆಸರಾಂತ ಬಂಡಿಗಳಿಗೆ ಭುಜ ಕೊಟ್ಟು ಓಡುವುದನ್ನು ಕಂಡಾಗ ನಮಗಾದ ಅಭಿಮಾನವನ್ನು ಮುಚ್ಚಿಡಬೇಕಾದ ಕಾರಣವಿಲ್ಲ.

ವಿದ್ಯುತ್ ಬಂಡಿಯ ಓಟವೇ ಬೇರೆ ತೆರನಾದದ್ದು. ಸದ್ದಿಲ್ಲ, ಗೇರು ಬದಲಾಯಿಸುವ ಎಳೆತವಿಲ್ಲ. ಪೆಡಲು ಒತ್ತಿದ ಕ್ಷಣವೇ ಪೂರ್ಣ ಬಲ. ಪೆಡಲಿನಿಂದ ಕಾಲು ತೆಗೆದರೆ ಬಂಡಿ ತಾನಾಗಿ ನಿಧಾನಿಸಿ, ಆ ಓಟದ ಶಕ್ತಿಯನ್ನು ಮರಳಿ ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಆದರೆ ವಾಣಿವಿಲಾಸಪುರದ ಮಾರ್ಗವಾಗಿ ಹೊಸದುರ್ಗಕ್ಕೆ ಹೋಗುವ ಒಳದಾರಿಯು ಅಶ್ವಶಕ್ತಿಗೆ ಮರ್ಯಾದೆ ಕೊಡತಕ್ಕದ್ದಲ್ಲ. ಸುಗ್ಗಿಯ ದಿನಗಳಾದುದರಿಂದ ರಸ್ತೆಯ ಅರ್ಧಭಾಗದಲ್ಲಿ ರೈತರು ರಾಗಿ, ಹುರುಳಿಗಳನ್ನು ಹರಡಿ ಒಕ್ಕಣೆಗೆ ಬಿಟ್ಟಿದ್ದರು. ಹುಲ್ಲಿನ ರಾಶಿಯ ಮೇಲೆ ಹಾಯುವಾಗ ಚಕ್ರ ಜಾರುವುದೂ, ಹುಲ್ಲು ಬಂಡಿಯ ತಳಕ್ಕೆ ಸುತ್ತಿಕೊಳ್ಳುವುದೂ ಅಪಾಯಕರ. ಹಿಂದೀಪವಿಲ್ಲದ ಟ್ರಾಕ್ಟರುಗಳು, ಕುರಿಯ ಹಿಂಡುಗಳು, ಬಣ್ಣ ಬಳಿಯದ ಹಂಪುಗಳು, ಶಾಲೆಯ ಮಕ್ಕಳು. ಸದ್ದಿಲ್ಲದ ಬಂಡಿ ಹಿಂದಿನಿಂದ ಬಂದುದು ಮುದುಕಿಯೊಬ್ಬಳಿಗೆ ಕೇಳಿಸಲೇ ಇಲ್ಲ. ನಾವು ನಿಂತು, ಆಕೆ ದಾಟುವವರೆಗೆ ಕಾದೆವು. "ಹಾರನ್ನು ಹೊಡಿಬಾರ್ದೇನಪ್ಪಾ?" ಎಂದು ಆಕೆ ಗದರಿದಳು. ಗದರಿದ್ದು ನ್ಯಾಯವೇ ಆಗಿತ್ತು.

ವೇಗದ ಮದವನ್ನು ಇಳಿಸಲು ವಾಣಿವಿಲಾಸ ಸಾಗರದ ದಂಡೆಗಿಂತ ತಕ್ಕ ಸ್ಥಳವಿಲ್ಲ. 1907ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾದ ಜಲರಾಶಿಯ ಎದುರು ನಿಂತು ನಾಲ್ಕು ಸೆಕೆಂಡಿನ ಹೆಮ್ಮೆಯನ್ನು ಆಡಿಕೊಳ್ಳಲು ನಮಗೆ ನಾಚಿಕೆಯಾಯಿತು.

ತೆರೆದ ಬಾಗಿಲು

ಹೊಳಲ್ಕೆರೆಯಲ್ಲಿ ಕಾಫಿಗೆಂದು ಇಳಿದೆವು. ಅಡಿಕೆಯ ವ್ಯಾಪಾರದಲ್ಲಿರುವ ಮತ್ತೊಬ್ಬ ಮಿತ್ರರು ತಮ್ಮ ಬಂಡಿಯಲ್ಲಿ ಬಂದು ನಮ್ಮನ್ನು ಕೂಡಿಕೊಂಡರು. ಅದು ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಸಾಮಾನ್ಯ ಗೃಹಸ್ಥರ ಬಂಡಿ, ಗುಂಡಿ ಒತ್ತಿ ಚಾಲೂ ಮಾಡುವಂಥದು. ಬೀಗ ಹಾಕಿದ ಬಂಡಿಯನ್ನು ಹೋಟೆಲಿನ ಗೋಡೆಗೆ ಒತ್ತಿ ನಿಲ್ಲಿಸಿ, ಅವರು ಒಳಗೆ ಆ ಗೋಡೆಯ ಪಕ್ಕದ ಕುರ್ಚಿಯಲ್ಲಿಯೇ ಕುಳಿತರು. ನಾವು ಹೊರಗೆ ಹೋಗಿ ಕುತೂಹಲಕ್ಕಾಗಿ ಬಾಗಿಲಿನ ಹಿಡಿ ಎಳೆದೆವು. ಬಾಗಿಲು ತೆರೆಯಿತು! ಬೀಗದ ಕೈ ಅವರ ಜೇಬಿನಲ್ಲಿತ್ತು. ಬಂಡಿಗೆ ಅದರ ಸುಳಿವು ಗೋಡೆಯ ಆಚೆಯಿಂದ ಸಿಕ್ಕಿತ್ತು. ಹಿಡಿ ಎಳೆದವನು ಒಡೆಯನೋ ಕಳ್ಳನೋ ಎಂಬುದು ಬಂಡಿಗೆ ತಿಳಿಯದು. ಕೈ ಹತ್ತಿರದಲ್ಲಿದೆಯೇ ಎಂಬುದಷ್ಟೇ ಅದಕ್ಕೆ ತಿಳಿದದ್ದು.

ಈ ಕಾಲದ ಮೋಟಾರು ಕಳವಿನ ರಹಸ್ಯವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಇಂಥ ಬಂಡಿಗಳ ಬೀಗದ ಕೈ ಕಬ್ಬಿಣದ್ದಲ್ಲ, ನಿಸ್ತಂತು ಅಲೆಯದು. ಬಂಡಿಯು ಮೆಲುದನಿಯಲ್ಲಿ "ಯಾರು?" ಎಂದು ಕೇಳುತ್ತದೆ, ಹತ್ತಿರವಿರುವ ಕೈಯು ಗುಪ್ತ ಸಂಕೇತದಲ್ಲಿ "ನಾನು" ಎನ್ನುತ್ತದೆ. ಕಳ್ಳರು ಇಬ್ಬರು ಕೂಡಿ ಬರುತ್ತಾರೆ. ಒಬ್ಬನು ಮನೆಯ ಬಾಗಿಲ ಬಳಿ, ಇನ್ನೊಬ್ಬನು ಬಂಡಿಯ ಬಳಿ. ಇಬ್ಬರ ಕೈಯಲ್ಲಿಯೂ ಅಲೆಯನ್ನು ಹಿಡಿದು ದೂರಕ್ಕೆ ದಾಟಿಸುವ ಪೆಟ್ಟಿಗೆಗಳು. ಒಳಗೆ ಗೂಟಕ್ಕೆ ನೇತುಹಾಕಿದ ಕೈಗೆ ಬಂಡಿಯ ಪ್ರಶ್ನೆ ಮುಟ್ಟುತ್ತದೆ, ಅದರ ಉತ್ತರ ಬಂಡಿಗೆ ಮುಟ್ಟುತ್ತದೆ. ಗಾಜು ಒಡೆಯಲಿಲ್ಲ, ನಾಯಿ ಬೊಗಳಲಿಲ್ಲ, ಸಂಕೇತದ ಗುಟ್ಟೂ ಒಡೆಯಲಿಲ್ಲ. ಬಂಡಿ ಮಾತ್ರ ಹೋಯಿತು.

ಎರಡನೆಯ ಮಾರ್ಗ ಇನ್ನೂ ಸರಳ. ದುರಸ್ತಿಗಾರರು ಬಂಡಿಯ ದೋಷ ಪರೀಕ್ಷಿಸಲೆಂದು ಸ್ಟಿಯರಿಂಗ್ ಚಕ್ರದ ಕೆಳಭಾಗದಲ್ಲಿ ಒಂದು ಕೂಡುಗಿಂಡಿ ಇರುತ್ತದೆ. ಹೇಗಾದರೂ ಒಳಗೆ ಹೊಕ್ಕ ಕಳ್ಳನು ಅದಕ್ಕೆ ತನ್ನ ಯಂತ್ರವನ್ನು ಸಿಕ್ಕಿಸಿ ಹೊಸದೊಂದು ಕೈಯನ್ನು ಬಂಡಿಗೆ ಪರಿಚಯಿಸಿಬಿಡುತ್ತಾನೆ. ದಿಲ್ಲಿಯ ಪೊಲೀಸರು ಹಿಡಿದ ತಂಡಗಳಲ್ಲಿ ಇಂಥ ಯಂತ್ರಗಳು ದೊರೆತಿವೆ.

ಮೂರನೆಯದು ವಿಸ್ಮಯಕರವಾದುದು. 2022ರಲ್ಲಿ ಲಂಡನ್ನಿನಲ್ಲಿ ಬಂಡಿಯೊಂದರ ಮುಂದೀಪದ ತಂತಿಯನ್ನು ಯಾರೋ ಮತ್ತೆ ಮತ್ತೆ ಕಿತ್ತಿದ್ದರು. ಪುಂಡರ ಕೀಟಲೆಯೆಂದು ಮಾಲೀಕನು ಭಾವಿಸಿದನು. ಸ್ವಲ್ಪ ದಿನಗಳಲ್ಲಿ ಬಂಡಿಯೇ ಕಳವಾಯಿತು. ಆತನು ಮೋಟಾರುಗಳ ಭದ್ರತೆಯ ಸಂಶೋಧಕನೇ ಆಗಿದ್ದುದು ಕಳ್ಳರ ದುರದೃಷ್ಟ. ಮುಂದೀಪದ ತಂತಿಯು ಬಂಡಿಯ ಒಳಗಿನ ಎಲ್ಲ ಯಂತ್ರಗಳ ಸಂದೇಶಜಾಲಕ್ಕೆ ಸೇರಿಕೊಂಡಿರುವುದರಿಂದ, ಅಲ್ಲಿಂದಲೇ "ಕೈ ಬಂದಿದೆ, ಬಾಗಿಲು ತೆರೆ" ಎಂಬ ಸುಳ್ಳು ಸಂದೇಶ ಕಳುಹಿಸಬಹುದೆಂದು 2023ರಲ್ಲಿ ಆತನೂ ಅವನ ಸಹೋದ್ಯೋಗಿಯೂ ಜಗತ್ತಿಗೆ ತಿಳಿಸಿದರು.

ಇದನ್ನು ಓದಿದ ದುರ್ಗದವರಿಗೆ ಏನು ನೆನಪಾಗಬೇಕೆಂದು ನಾವು ಹೇಳಬೇಕಾಗಿಲ್ಲ. ಏಳು ಸುತ್ತಿನ ಕೋಟೆ. ಹೈದರಾಲಿಯ ಸೈನ್ಯಕ್ಕೆ ಅದರ ಹೆಬ್ಬಾಗಿಲು ಜಗ್ಗಲಿಲ್ಲ. ಆದರೆ ಒಬ್ಬ ಮನುಷ್ಯನು ನುಸುಳುವಷ್ಟು ಒಂದು ಕಿಂಡಿ ಇತ್ತು. ಅದರ ಬಳಿ ಓಬವ್ವನೆಂಬ ಎಚ್ಚರದ ಹೆಣ್ಣೊಬ್ಬಳು ಇದ್ದಳು. ಆಕೆಯ ಕೈಯಲ್ಲಿದ್ದುದು ಒನಕೆ. ತಯಾರಕರು ನಮ್ಮ ಬಂಡಿಗಳಿಗೆ ಏಳು ಸುತ್ತಿನ ಕೋಟೆ ಕಟ್ಟಿದ್ದಾರೆ. ಕಿಂಡಿಗಳನ್ನೂ ಅವರೇ ಬಿಟ್ಟಿದ್ದಾರೆ. ಕಾವಲಿನವಳು ಮಾತ್ರ ಇಲ್ಲ.

ನಮ್ಮ ಕೈಯ ಒನಕೆ

ಹಾಗಾದರೆ ಸಾಮಾನ್ಯ ಗೃಹಸ್ಥನು ಏನು ಮಾಡಬೇಕು? ಉಪಾಯಗಳು ದುಬಾರಿಯವಲ್ಲ. ಸ್ಟಿಯರಿಂಗ್ ಚಕ್ರಕ್ಕೆ ಅಡ್ಡಲಾಗಿ ಹಾಕುವ ಉಕ್ಕಿನ ಸರಳು ಹಳೆಯ ಕಾಲದ್ದೆಂದು ಮೂಗು ಮುರಿಯಬೇಡಿರಿ. ನಿಸ್ತಂತು ಅಲೆಯಿಂದ ಅದು ತೆರೆಯುವುದಿಲ್ಲ. ಗರಗಸ ಹಿಡಿದು ಕೊಯ್ಯಬೇಕು, ಅದಕ್ಕೆ ಹೊತ್ತು ಬೇಕು, ಸದ್ದಾಗುತ್ತದೆ. ಕಳ್ಳನಿಗೆ ಬೇಡವಾದವು ಇವೆರಡೇ. ರಾತ್ರಿ ಬೀಗದ ಕೈಯನ್ನು ಬಾಗಿಲ ಬಳಿಯ ಗೂಟಕ್ಕೆ ಹಾಕದೆ ಬಿಗಿಯಾದ ಮುಚ್ಚಳದ ಲೋಹದ ಡಬ್ಬಿಯಲ್ಲಿಡಿರಿ. ಲೋಹದ ಆವರಣವು ವಿದ್ಯುತ್ ಪ್ರಭಾವವನ್ನು ತಡೆಯುವುದೆಂದು ಫ್ಯಾರಡೆ ಪಂಡಿತನು 1836ರಲ್ಲಿಯೇ ತೋರಿಸಿಕೊಟ್ಟಿದ್ದಾನೆ. ಡಬ್ಬಿ ಸಾಕಷ್ಟು ಬಿಗಿಯೋ ಅಲ್ಲವೋ ಎಂಬುದನ್ನು ಪರೀಕ್ಷಿಸುವುದೂ ಸುಲಭ: ಕೈಯನ್ನು ಅದರಲ್ಲಿಟ್ಟು ಬಂಡಿಯ ಪಕ್ಕಕ್ಕೆ ಒಯ್ದು ಬಾಗಿಲೆಳೆಯಿರಿ; ತೆರೆದರೆ ಆ ಡಬ್ಬಿ ಅವಲಕ್ಕಿಗೆ ಮಾತ್ರ ಯೋಗ್ಯ. ಹಳೆಯ ಬಂಡಿ ಕೊಂಡವರು ಮೊದಲಿನ ಮಾಲೀಕರ ಮೊಬೈಲಿನ ಸಂಪರ್ಕವನ್ನು ಬಂಡಿಯಿಂದ ಅಳಿಸಿಹಾಕಿಸತಕ್ಕದ್ದು. ಮುಂದೀಪವೋ ಬಂಪರೋ ಕಾರಣವಿಲ್ಲದೆ ಸಡಿಲಗೊಂಡಿದ್ದರೆ ಪುಂಡರ ಕೀಟಲೆಯೆಂದು ಸುಮ್ಮನಿರದೆ ಎಚ್ಚರಗೊಳ್ಳತಕ್ಕದ್ದು.

ಇವೆಲ್ಲ ಸಿರಿವಂತರ ಚಿಂತೆಯೆಂದು ಯಾರೂ ತಿಳಿಯಬಾರದು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಹುಮಂದಿಯ ಬದುಕು ನಿಂತಿರುವುದು ಇನ್ನೂರು ಮುನ್ನೂರು ಅಶ್ವಶಕ್ತಿಯ ಮೇಲಲ್ಲ, ಒಂದು ಮೋಟಾರ್ ಸೈಕಲ್ಲಿನ ಮೇಲೆ. ಹಾಲಿನ ಡೇರಿಗೆ, ತೋಟಕ್ಕೆ, ಮಗಳ ಕಾಲೇಜಿಗೆ ಅದೊಂದೇ ಆಧಾರ. ಅದರ ಬೀಗವೋ ಸವೆದು ಯಾವ ಕೈಗಾದರೂ ತಿರುಗುತ್ತದೆ. ಈ ಲೇಖಕನದೇ ಮೋಟಾರ್ ಸೈಕಲ್ಲು ಕೆಲವು ವರ್ಷಗಳ ಹಿಂದೆ ದುರ್ಗದ ಬಸ್ ನಿಲ್ದಾಣದ ಬಳಿ ಕಳವಾಯಿತು. ಹತ್ತು ನಿಮಿಷದ ಕೆಲಸವೆಂದು ನಿಲ್ಲಿಸಿ ಹೋದದ್ದು. ಮರಳಿದಾಗ ನೆಲದ ಮೇಲೆ ಎಣ್ಣೆಯ ಒಂದು ಹನಿ ಉಳಿದಿತ್ತು. ದೂರು ಕೊಟ್ಟೆವು. ವಿಮೆಯವರು ಕೇಳಿದ ಮೊದಲ ಪ್ರಶ್ನೆ: "ಎರಡನೆಯ ಕೀ ಎಲ್ಲಿ?" ಅದು ಎಲ್ಲಿತ್ತೋ ಬಲ್ಲವರಾರು! ಕೈ ಬಂಡಿಯಲ್ಲಿಯೇ ಬಿಟ್ಟಿರಬಹುದೆಂಬ ಶಂಕೆಯಿಂದ ತಿಂಗಳುಗಟ್ಟಲೆ ಕಾಗದಗಳು ಅಲೆದಾಡಿದವು. ಕೊನೆಗೆ ಕೈಗೆ ಬಂದ ಹಣ ಬರಬೇಕಾದುದಕ್ಕಿಂತ ಕಡಿಮೆ. ಅವರ ಮೇಲೆ ನಾವು ಕೋಪಿಸಿಕೊಂಡೆವು. ಆದರೆ ಕೀಲಿ ಕಳೆದವರು ನಾವೇ.

ಈ ವಿಷಯದಲ್ಲಿ ನ್ಯಾಯಾಲಯದ ಮಾತುಗಳನ್ನೂ ತಿಳಿದಿರುವುದು ಒಳ್ಳೆಯದು. ಪೊಲೀಸರಿಗೆ ಕೂಡಲೇ ದೂರು ಕೊಟ್ಟಿದ್ದರೆ, ವಿಮಾ ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. ಲಾರಿಯಲ್ಲಿ ಕೀ ಬಿಟ್ಟು ಇಳಿದ ಚಾಲಕನೊಬ್ಬನ ಪ್ರಕರಣದಲ್ಲಿ 2023ರಲ್ಲಿ ಅದೇ ನ್ಯಾಯಾಲಯವು ಮಾಲೀಕನಿಗೆ ನೂರಕ್ಕೆ 75ರಷ್ಟು ಪರಿಹಾರ ಕೊಡಿಸಿತು. ಉಳಿದ ಕಾಲುಭಾಗ ಅಜಾಗ್ರತೆಯ ದಂಡವೆಂದೇ ತಿಳಿಯಬೇಕು. ಆದ ಕಾರಣ ಕಳವು ತಿಳಿದೊಡನೆ 112ಕ್ಕೆ ಕರೆ, ಠಾಣೆಯಲ್ಲಿ ದೂರು, ಅದೇ ದಿನ ವಿಮೆಯವರಿಗೂ ಪ್ರಾದೇಶಿಕ ಸಾರಿಗೆ ಕಚೇರಿಗೂ ಲಿಖಿತ ಸೂಚನೆ.

ಕೊಳ್ಳುವವನ ಪಾಪ

ಇನ್ನೊಂದು ಕಟುವಾದ ಮಾತನ್ನು ಆಡಲೇಬೇಕಾಗಿದೆ. ಕದ್ದ ಬಂಡಿಯನ್ನು ಕಳ್ಳನು ಪೂಜೆಗೆ ಇಟ್ಟುಕೊಳ್ಳುವುದಿಲ್ಲ. ಗುಯಿಲಾಳು ಟೋಲಿನಂಥ ಗೇಟುಗಳಲ್ಲಿ ಕ್ಯಾಮರಾಗಳಿವೆ. 2021ರ ಫೆಬ್ರುವರಿಯಿಂದ ಕಡ್ಡಾಯವಾದ ಫಾಸ್ಟ್ಯಾಗ್ ಬಂಡಿಯ ಹೆಜ್ಜೆ ಬರೆದಿಡುತ್ತದೆ. 2019ರ ಏಪ್ರಿಲಿನಿಂದ ಹೊಸ ಬಂಡಿಗಳಿಗೆ ಅತಿಸುರಕ್ಷಿತ ನಂಬರು ಫಲಕ ಬಂದಿದೆ. ಇಷ್ಟಿದ್ದರೂ ಕಳ್ಳನು ಧೈರ್ಯಗೆಡದಿರುವುದು ಏತಕ್ಕೆ? ಕೊಳ್ಳುವವರು ಇದ್ದಾರೆಂಬ ನಂಬಿಕೆಯಿಂದ. "ದಾಖಲೆ ಆಮೇಲೆ ಕೊಡುತ್ತೇನೆ, ಅರ್ಧ ಬೆಲೆಗೆ ತೆಗೆದುಕೊಳ್ಳಿ" ಎಂದಾಗ, ತೋಟದೊಳಗೆ ಓಡಿಸಲು ಇಷ್ಟು ಸಾಕೆಂದು ಕೊಳ್ಳುವ ಸಂಭಾವಿತರೇ ಈ ವ್ಯಾಪಾರಕ್ಕೆ ಬಂಡವಾಳ ಹೂಡುವವರು. ಕದ್ದ ಮಾಲೆಂದು ತಿಳಿದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮಿನಂತೆ ಸ್ವತಃ ಒಂದು ಅಪರಾಧ. ಹಳೆಯ ಬಂಡಿ ಕೊಳ್ಳುವವರು ಚಾಸಿಯ ಮೇಲೆ ಕೊರೆದ 17 ಅಕ್ಷರಾಂಕೆಗಳ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಬೇಕು. ನೆರೆಯವನ ಕಣ್ಣೀರನ್ನು ಅರ್ಧ ಬೆಲೆಗೆ ಕೊಳ್ಳುವ ಊರು ಎಷ್ಟು ವೇಗವಾಗಿ ಓಡಿದರೂ ಮುಂದುವರಿದ ಊರಲ್ಲ.

ತಯಾರಕರಿಗೂ ಸರ್ಕಾರಕ್ಕೂ ಹೊಣೆಯಿದೆ. ಅಲೆಯು ಹೋಗಿಬರಲು ಹಿಡಿದ ಕಾಲವನ್ನು ಅಳೆದು ಕೈ ನಿಜವಾಗಿ ಎಷ್ಟು ದೂರದಲ್ಲಿದೆಯೆಂದು ಕಂಡುಹಿಡಿಯುವ ಹೊಸ ಬೀಗಗಳು ಈಗ ಉಂಟು. ಬೆಳಕಿನ ವೇಗವನ್ನು ಯಾವ ಕಳ್ಳನೂ ಮೀರಲಾರನು. ಅವು ಬೆಲೆಬಾಳುವ ಬಂಡಿಗಳ ಭೂಷಣವಾಗಿ ಉಳಿಯಬಾರದು. ಯೂರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಹೊಸದಾಗಿ ಮಾರುವ ಬಂಡಿಗಳೆಲ್ಲ ಇಂಥ ಆಕ್ರಮಣಗಳ ವಿರುದ್ಧದ ಭದ್ರತಾ ನಿಯಮಕ್ಕೆ ಒಳಪಟ್ಟಿವೆ. ಅದೇ ಕಟ್ಟುನಿಟ್ಟು ನಮ್ಮ ಪ್ರಜೆಗೂ ಸಲ್ಲತಕ್ಕದ್ದು. ನಮ್ಮ ಹಣವು ಲಂಡನ್ನಿನವರ ಹಣಕ್ಕಿಂತ ಕೀಳಲ್ಲ.

ಸಂಜೆ ಹೊಳಲ್ಕೆರೆಯಿಂದ ಮರಳಿ ದುರ್ಗಕ್ಕೆ ಬಂದಾಗ ಕೋಟೆಯ ಬತೇರಿಗಳ ಮೇಲೆ ಕಡೆಯ ಬಿಸಿಲಿತ್ತು. ಮಿತ್ರರು ಬಂಡಿಯನ್ನು ನಿಲ್ಲಿಸಿ, ಇಳಿಯುವ ಮೊದಲು ಆಸನದ ಕೆಳಗಿನಿಂದ ಉಕ್ಕಿನ ಸರಳೊಂದನ್ನು ತೆಗೆದು ಚಕ್ರಕ್ಕೆ ಅಡ್ಡ ಹಾಕಿ ಬೀಗ ಜಡಿದರು. ಇಷ್ಟೆಲ್ಲ ಯಂತ್ರಕೌಶಲದ ಬಂಡಿಗೆ ಈ ಮೊಂಡು ಸರಳೇ ಎಂದು ನಾವು ನಗಲಿಲ್ಲ. ಮನೆಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ, ನಮ್ಮ ಈಗಿನ ಬಂಡಿಯ ಎರಡನೆಯ ಕೈಯನ್ನು ಹುಡುಕಿದ್ದು. ಅದು ದೇವರ ಮನೆಯ ಪೆಟ್ಟಿಗೆಯಲ್ಲಿ ಸಿಕ್ಕಿತು. ವಾಚಕರೂ ಈ ಪತ್ರಿಕೆಯನ್ನು ಮಡಿಸಿಟ್ಟೊಡನೆ ತಮ್ಮದನ್ನು ಒಮ್ಮೆ ಹುಡುಕಿ ನೋಡಬೇಕೆಂದು ನಮ್ಮ ಬಿನ್ನಹ.